ಮಜರೆಯ ಹೆಸರನ್ನು ಊರಿನ ಬಾಯಿಂದಲೇ ಬರೆದುಕೊಳ್ಳಿ

ಮಾನ್ಯ ಸಂಪಾದಕರೇ,

ಮೂಲ ಗ್ರಾಮಕ್ಕೆ ಸೇರಿದ ಸಣ್ಣ ಜನವಸತಿಗಳಾದ ಮಜರೆಗಳನ್ನು ದಾಖಲೆಯಲ್ಲಿ ಪ್ರತ್ಯೇಕ ಕಂದಾಯ ಗ್ರಾಮಗಳನ್ನಾಗಿ ಮಾಡುವ ಕೆಲಸ ನಡೆದಿರುವ ಈ ಹೊತ್ತಿನಲ್ಲಿ ಐರ್ಲೆಂಡಿನ ‘ಟೌನ್‌ಲ್ಯಾಂಡ್’ಗಳ ಸಂಗತಿ ಮಲೆನಾಡಿನವರಿಗೆ ಉಪಯುಕ್ತವೆಂದು ತೋರಿ ಇದನ್ನು ಬರೆಯುತ್ತಿದ್ದೇನೆ. ಹೆಸರಿನಲ್ಲಿ ಟೌನ್ ಇದ್ದರೂ ಅಲ್ಲಿ ಪೇಟೆಯಿಲ್ಲ. ಆ ದ್ವೀಪದ ನೆಲ ಇಂಥ 60,000ಕ್ಕೂ ಹೆಚ್ಚು ತುಂಡುಗಳಾಗಿದ್ದು, ಸರಾಸರಿ ಸುಮಾರು 325 ಎಕರೆಯ ಒಂದೊಂದಕ್ಕೂ ಹಳ್ಳವೋ ಅಗಳವೋ ಬೇಲಿಯೋ ಗಡಿಯಾಗಿದೆ. ಒಳಗೆ ನಾಲ್ಕು ಮನೆ ಇರಬಹುದು, ನಮ್ಮ ದಾಖಲೆಗಳ ಬೇಚರಾಕ್ ಗ್ರಾಮದಂತೆ ಒಂದೂ ಇಲ್ಲದಿರಬಹುದು.

1824ರಲ್ಲಿ ತೆರಿಗೆಯ ಲೆಕ್ಕಕ್ಕಾಗಿ ಬ್ರಿಟಿಷರು ಆರಂಭಿಸಿದ ಮೋಜಣಿಯಲ್ಲಿ ಮೈಲಿಗೆ ಆರು ಅಂಗುಲದಂತೆ ಇವೆಲ್ಲವೂ ನಕಾಶೆಗೆ ಬಂದವು. ಐರಿಷ್ ಹೆಸರುಗಳನ್ನು ಇಂಗ್ಲಿಷ್ ಕಾಗುಣಿತಕ್ಕೆ ಬಗ್ಗಿಸಲಾಯಿತು: ಓಕ್ ತೋಪಿನ ಹೆಸರು ‘ಡೆರಿ’ ಎಂದಾಯಿತು, ಗುಡ್ಡದ್ದು ‘ನಾಕ್’ ಎಂದಾಯಿತು. ಆದರೆ ಅದೇ ಮೋಜಣಿಯಲ್ಲಿದ್ದ ವಿದ್ವಾಂಸ ಜಾನ್ ಓಡನವನ್ ಊರೂರು ತಿರುಗಿ, ಹಿರಿಯರ ಬಾಯಲ್ಲಿ ಹೆಸರು ಹೇಗಿದೆಯೆಂದು ಕೇಳಿ, ಅರ್ಥಸಹಿತ ಬರೆದಿಟ್ಟರು. ಅವರು ಅಷ್ಟು ಮಾಡಿದ ಮೇಲೆ, 1845ರಲ್ಲಿ ಆಲೂಗಡ್ಡೆಗೆ ರೋಗ ತಗುಲಿ ಮಹಾಕ್ಷಾಮ ಬಂತು; ಸುಮಾರು ಹತ್ತು ಲಕ್ಷ ಜನ ಸತ್ತರು, ಅಷ್ಟೇ ಮಂದಿ ಹಡಗು ಹತ್ತಿದರು. 1851ರ ಜನಗಣತಿಯು ಪ್ರತಿ ಟೌನ್‌ಲ್ಯಾಂಡ್‌ನ 1841ರ ಮತ್ತು 1851ರ ಜನಸಂಖ್ಯೆಯನ್ನು ಅಕ್ಕಪಕ್ಕದಲ್ಲೇ ಅಚ್ಚುಹಾಕಿದ್ದರಿಂದ, ಯಾವ ಗುಡ್ಡದ ಬುಡದಲ್ಲಿ ಎಷ್ಟು ಜನ ಕಡಿಮೆಯಾದರೆಂಬುದು ಇಂದಿಗೂ ತಿಳಿಯುತ್ತದೆ.

ನಮ್ಮಲ್ಲಿ ಮಜರೆಗೆ ಪ್ರತ್ಯೇಕ ಗಡಿಯಿಲ್ಲ, ಸರ್ವೆ ನಂಬರುಗಳೆಲ್ಲ ಮೂಲ ಗ್ರಾಮದವು. ಆದ್ದರಿಂದ ಜನ ಎದ್ದುಹೋದರೆ ಹೆಸರೂ ಹೋಯಿತು. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿದಾಗ ಮುಳುಗಿದ ಕೇರಿ, ಗದ್ದೆಬಯಲುಗಳ ಹೆಸರನ್ನು ಇಂದು ಎಂಬತ್ತು ದಾಟಿದವರನ್ನೇ ಕೇಳಬೇಕು.

ಇರುವ ಹೆಸರುಗಳ ಪಾಡೂ ಅಷ್ಟಕ್ಕಷ್ಟೇ. ನಮ್ಮ ‘ಕಾನುಮನೆ’ಯ ಬಸ್ ನಿಲ್ಲುವ ಜಾಗದಲ್ಲಿ ಹಾಕಿದ ಬೋರ್ಡಿನಲ್ಲಿ, ಇಂಗ್ಲಿಷ್ ಪಟ್ಟಿಯಿಂದ ಕನ್ನಡಕ್ಕೆ ಇಳಿಸಿದ್ದರಿಂದಲೋ ಏನೋ, ‘ಕನುಮನೆ’ ಎಂದಿದೆ. ಯಾರೋ ಇದ್ದಿಲಿನಿಂದ ದೀರ್ಘ ಎಳೆದಿದ್ದರು. ಮೊದಲ ಮಳೆಗೇ ತೊಳೆದುಹೋಯಿತು. ದಟ್ಟ ಕಾಡಿಗೆ ನಾವು ಹೇಳುವ ‘ಕಾನು’ ಆ ಒಂದು ದೀರ್ಘದಲ್ಲಿತ್ತು.

ಕಂದಾಯ ಗ್ರಾಮದ ಪಟ್ಟಿ ಅಂತಿಮಗೊಳಿಸುವ ಮುನ್ನ ಗ್ರಾಮಸಭೆಯಲ್ಲಿ ಹೆಸರುಗಳನ್ನು ಗಟ್ಟಿಯಾಗಿ ಓದಿಸಿ, ಹಿರಿಯರಿಂದ ತಿದ್ದಿಸಿ, ಕನ್ನಡದಲ್ಲೇ ಮೊದಲು ಬರೆದುಕೊಳ್ಳಬೇಕೆಂದು ಸಂಬಂಧಪಟ್ಟವರಲ್ಲಿ ವಿನಂತಿಸುತ್ತೇನೆ.

– ಅಡಿಕೆ ಬೆಳೆಗಾರ, ಸಾಗರ ತಾಲ್ಲೂಕು