ದೂರ ಸೂತ್ರಕ್ಕೆ ಆಟದ ಮ್ಯಾಪ್‌ನ ಉದಾಹರಣೆ ಬೇಕು

ಮಾನ್ಯ ಸಂಪಾದಕರೇ,

ಮಕ್ಕಳ ಕಂಪ್ಯೂಟರ್ ಆಟದ ಗೀಳಿನ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬರುತ್ತಿರುವ ಪತ್ರಗಳನ್ನು ಓದುತ್ತಿದ್ದೇನೆ. ಪ್ರೌಢಶಾಲೆಯಲ್ಲಿ ಗಣಿತ ಕಲಿಸುವ ನನಗೂ ಆ ಆತಂಕವಿದೆ. ಆದರೆ ಆಟ ಆಡುವುದು ಬೇರೆ, ಆಟ ನಡೆಯುವ ಕಣವನ್ನು, ಅಂದರೆ ಆಟದ ಮ್ಯಾಪನ್ನು, ತಾನೇ ಕಟ್ಟುವುದು ಬೇರೆ. ಹತ್ತನೇ ತರಗತಿಯ ನಿರ್ದೇಶಾಂಕ ರೇಖಾಗಣಿತ ಆ ಎರಡನೆಯ ಕೆಲಸದಲ್ಲಿ ಎಷ್ಟು ಚೆನ್ನಾಗಿ ಮನದಟ್ಟಾಗುತ್ತದೆ ಎಂಬುದನ್ನು ನಮ್ಮ ಮನೆಯಲ್ಲೇ ಕಂಡೆನಾದ್ದರಿಂದ ಈ ಪತ್ರ.

2002ರಲ್ಲಿ ಬಿಡುಗಡೆಯಾದ ವಾರ್‌ಕ್ರಾಫ್ಟ್ 3 ಆಟದ ಜೊತೆಯಲ್ಲೇ ಮ್ಯಾಪ್ ಕಟ್ಟುವ ವರ್ಲ್ಡ್ ಎಡಿಟರ್ ಕೂಡ ಬಂದಿತ್ತು. ಮುಂದೆ ಲೋಕಪ್ರಸಿದ್ಧವಾದ ಡೋಟಾ ಎಂಬ ಆಟ ಮೊದಲಿಗೆ ಆಟಗಾರರು ಅದರಲ್ಲೇ ಕಟ್ಟಿದ ಒಂದು ಮ್ಯಾಪ್. ನನ್ನ ತಂಗಿಯ ಮಗ ಅದೇ ಎಡಿಟರ್‌ನಲ್ಲಿ, ಅದರ ಜಾಸ್ ಎಂಬ ಸ್ಕ್ರಿಪ್ಟ್ ಭಾಷೆಯಲ್ಲಿ, ವೈರಿ 600 ಅಳತೆಯೊಳಗೆ ಬಂದರೆ ಎಚ್ಚರಿಕೆ ಕೊಡುವ ಕಾವಲುಗೋಪುರವೊಂದನ್ನು ಮಾಡಿದ್ದ. ವೈರಿ ಹತ್ತಿರ ಬಂದು ನಿಂತರೂ ಗೋಪುರ ಸುಮ್ಮನಿತ್ತು. ಗೋಪುರದ ನಿರ್ದೇಶಾಂಕ (100, 700), ವೈರಿಯದು (−200, 300). ಅಡ್ಡಲಾಗಿ 300, ಉದ್ದಕ್ಕೆ 400 ಎಂದು ಎಣಿಸಿ, ಎರಡನ್ನೂ ಕೂಡಿ, ದೂರ 700 ಎಂದು ಹುಡುಗ ಬರೆದಿದ್ದ. ಲಂಬಕೋನ ತ್ರಿಭುಜ ಬಿಡಿಸಿ ತೋರಿಸಿದಾಗ ಕರ್ಣ 500 ಎಂದು ಅವನೇ ಹೇಳಿದ. ಎರಡೂ ವ್ಯತ್ಯಾಸಗಳ ವರ್ಗಗಳನ್ನು ಕೂಡಿ ವರ್ಗಮೂಲ ತೆಗೆಯುವ ಈ ದೂರ ಸೂತ್ರ ಅವನಿಗೆ ಮೊದಲೇ ಬಾಯಿಪಾಠವಿತ್ತು ಎಂಬುದು ನನ್ನನ್ನು ಬಹಳ ಯೋಚನೆಗೆ ಹಚ್ಚಿತು.

ಆಮೇಲೆ ಅವನು ಇನ್ನೊಂದು ಉಪಾಯ ಹೂಡಿದ: ಎರಡು ವ್ಯತ್ಯಾಸಗಳೂ ಬೇರೆಬೇರೆಯಾಗಿ 600ಕ್ಕಿಂತ ಕಡಿಮೆ ಇದ್ದರೆ ಸಾಕು ಎಂದು. ಈಗ ಗೋಪುರ ದೂರದವರಿಗೂ ಎಚ್ಚರಿಕೆ ಕೊಡತೊಡಗಿತು. ಎರಡೂ ಕಡೆ 550 ವ್ಯತ್ಯಾಸವಿರುವ ವೈರಿಯ ನಿಜವಾದ ದೂರ ಸುಮಾರು 778. ಮೊದಲ ತಪ್ಪಿನಲ್ಲಿ ಗೋಪುರದ ಸುತ್ತಲಿನ ಗಡಿ ಮೂಲೆಯ ಮೇಲೆ ನಿಂತ ಚೌಕವಾಗಿತ್ತು, ಎರಡನೆಯದರಲ್ಲಿ ನೇರ ಚೌಕ; ಅವನಿಗೆ ಬೇಕಾಗಿದ್ದುದು 600 ತ್ರಿಜ್ಯದ ವೃತ್ತ. ಮೂರನ್ನೂ ಒಂದೇ ಗ್ರಾಫ್ ಹಾಳೆಯ ಮೇಲೆ ಬಿಡಿಸಿದ ಆ ಸಂಜೆ ಅವನ ಮುಖದಲ್ಲಿ ಕಂಡ ಬೆಳಕನ್ನು ಇಷ್ಟು ವರ್ಷಗಳ ಪಾಠದಲ್ಲಿ ನಾನು ಹೆಚ್ಚು ಕಂಡಿಲ್ಲ.

ಇಲ್ಲಿ ವರ್ಗಮೂಲವನ್ನು ತೆಗೆಯುವ ಅಗತ್ಯವೂ ಇಲ್ಲ. ದೂರ 600ರೊಳಗಿದೆಯೇ ಎಂದಷ್ಟೇ ತಿಳಿಯಬೇಕಾದರೆ, ಮೊದಲಿನ ವೈರಿಯ 300 ಮತ್ತು 400ರ ವರ್ಗಗಳ ಮೊತ್ತವಾದ 2,50,000ವನ್ನು 600ರ ವರ್ಗವಾದ 3,60,000ದೊಂದಿಗೆ ಹೋಲಿಸಿದರೆ ಸಾಕು. ಎರಡೂ ಧನಸಂಖ್ಯೆಗಳಾದ್ದರಿಂದ ಹೋಲಿಕೆ ತಪ್ಪುವುದಿಲ್ಲ. ನೂರು ಯುನಿಟ್‌ಗಳಿರುವ (ಸೈನಿಕ, ಗೋಪುರದಂಥ ಆಟದ ಘಟಕಗಳಿರುವ) ಮ್ಯಾಪ್‌ನಲ್ಲಿ ಪ್ರತಿಯೊಂದು ಜೋಡಿಯನ್ನೂ ನೋಡುವುದಾದರೆ 4,950 ಜೋಡಿಗಳಾಗುತ್ತವೆ. ಸೆಕೆಂಡಿಗೆ 32 ಸಲ ಪರೀಕ್ಷಿಸಿದರೆ ಪ್ರತಿ ಸೆಕೆಂಡಿಗೆ 1,58,400 ವರ್ಗಮೂಲಗಳ ಲೆಕ್ಕ ಉಳಿತಾಯವಾಗುತ್ತದೆ. ಎಡಿಟರ್‌ನಲ್ಲಿ ದೂರ ಅಳೆಯುವ ಸಿದ್ಧ ಫಂಕ್ಷನ್ ಇದೆ, ನಿಜ. ಆದರೆ ಅದಕ್ಕೆ ಕೊಡಲೆಂದು ಸೃಷ್ಟಿಸಿದ ಬಿಂದುಗಳನ್ನು ನಾವೇ ಅಳಿಸದಿದ್ದರೆ ಅವು ಮೆಮೊರಿಯಲ್ಲೇ ಉಳಿದು ಆಟ ನಿಧಾನವಾಗುತ್ತಾ ಹೋಗುತ್ತದೆ. ನಿರ್ದೇಶಾಂಕಗಳನ್ನು ನೇರವಾಗಿ ಓದಿಕೊಂಡು ಕಳೆದು, ವರ್ಗ ಮಾಡಿ, ಕೂಡಿದರೆ ಆ ತೊಂದರೆಯೇ ಇರುವುದಿಲ್ಲ.

ನಮ್ಮ ಪಠ್ಯದ ಅಭ್ಯಾಸಗಳು ಎರಡು ಬಿಂದುಗಳನ್ನು ಕೊಟ್ಟು ದೂರ ಕೇಳುವುದಕ್ಕೆ ಹೆಚ್ಚು ಜಾಗ ಕೊಡುತ್ತವೆ. ‘ಈ ಬಿಂದು ಆ ಬಿಂದುವಿನಿಂದ 600ರೊಳಗಿದೆಯೇ? ವರ್ಗಮೂಲ ತೆಗೆಯದೆ ಉತ್ತರಿಸಿ’ ಎಂಬಂಥ ಪ್ರಶ್ನೆಗಳನ್ನೂ ಸೇರಿಸಬೇಕೆಂದು ಕರ್ನಾಟಕ ಪಠ್ಯಪುಸ್ತಕ ಸಂಘವನ್ನು ನಿಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ. ಇದಕ್ಕೆ ಕಂಪ್ಯೂಟರ್ ಕೊಠಡಿ ಬೇಕಿಲ್ಲ. ಒಂದು ಗ್ರಾಫ್ ಹಾಳೆ, ನಡುವೆ ಒಂದು ಗೋಪುರ, ಸುತ್ತ ಹತ್ತು ವೈರಿಗಳು ಇದ್ದರೆ ಒಂದು ಪೀರಿಯಡ್ ಪಾಠ ನಡೆಯುತ್ತದೆ.

ಇಂತಿ,
ಒಬ್ಬ ಗಣಿತ ಶಿಕ್ಷಕ, ತಿಪಟೂರು