ಭಾನುವಾರದ ಮಾತುಕತೆ: ಒಸಾಮು ತೆಜುಕಾ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಸಂಜೆ ಜಪಾನಿನ ಕಾಮಿಕ್ಸ್ ಕಲಾವಿದ ತೆಜುಕಾ ಬಗ್ಗೆ ಮಾತಾಡೋಣ. ಅವರ ‘ಆಸ್ಟ್ರೋ ಬಾಯ್’ ಎಲ್ಲರಿಗೂ ಗೊತ್ತು, ಅದನ್ನು ಸದ್ಯಕ್ಕೆ ಬಿಡಿ. ಅದಕ್ಕೂ ಮುಂಚಿನ ವರ್ಷಗಳೇ ನನಗೆ ಜಾಸ್ತಿ ಇಷ್ಟ. 1946ರ ಜನವರಿಯಲ್ಲಿ, ಎರಡನೇ ಮಹಾಯುದ್ಧ ಮುಗಿದು ಕೆಲವೇ ತಿಂಗಳಾಗಿದ್ದಾಗ, ಮಕ್ಕಳ ಪತ್ರಿಕೆಯೊಂದರಲ್ಲಿ ಅವರ ನಾಲ್ಕು ಚೌಕದ ಕಾಮಿಕ್ಸ್ ಶುರುವಾಯಿತು. ಆಗ ಅವರಿಗೆ ಬರೀ 17 ವರ್ಷ, ಒಸಾಕಾದಲ್ಲಿ ಮೆಡಿಕಲ್ ಓದುತ್ತಿದ್ದರು!

1947ರ ಕಾಮಿಕ್ಸ್ ಪುಸ್ತಕ ‘ಶಿನ್ ತಕರಾಜಿಮಾ’ದ (ಅಂದರೆ ‘ಹೊಸ ನಿಧಿ ದ್ವೀಪ’) ಮೊದಲ ಪುಟಗಳನ್ನು ತಪ್ಪದೆ ನೋಡಿಕೊಂಡು ಬನ್ನಿ. ಕಥೆ ಸಕಾಯ್ ಶಿಚಿಮಾ ಅವರದು, ಚಿತ್ರ ತೆಜುಕಾ ಅವರದು. ಹುಡುಗನೊಬ್ಬ ಹಡಗುಕಟ್ಟೆಯ ಕಡೆ ಕಾರು ಓಡಿಸುತ್ತಾನೆ. ಚೌಕದಿಂದ ಚೌಕಕ್ಕೆ ಕಾರು ನಮ್ಮ ಮೇಲೇ ನುಗ್ಗಿ ಬಂದಂತಿದೆ. ಸಿನಿಮಾ ನೋಡಿದ ಹಾಗೆ ಅಲ್ವಾ?

ಒಂದು ಮಾತು: 1980ರ ದಶಕದಲ್ಲಿ ತೆಜುಕಾ ಈ ಪುಸ್ತಕದ ಚಿತ್ರಗಳನ್ನು ಹೊಸದಾಗಿ ಬರೆದರು. ನಮಗೆ ಬೇಕಾದದ್ದು ಹಳೆಯದು. ಸಿಕ್ಕವರು ದಯವಿಟ್ಟು ಇಲ್ಲಿ ತಿಳಿಸಿ.