ಒಂದು ಕೆಜಿಗಿಂತ ಚಿಕ್ಕ ಕಾಟ್ಲಾ ಇನ್ನು ಮಾರುವುದಿಲ್ಲ

ಪ್ರೀತಿಯ ಗ್ರಾಹಕರಿಗೆ ನಮಸ್ಕಾರ.

ಮಾರ್ಕೋನಹಳ್ಳಿ ಜಲಾಶಯದ ಮೀನಿಗೆ ಕುಣಿಗಲ್, ಎಡೆಯೂರು ಕಡೆಯಿಂದ ಬರುವ ನಿಮಗೆಲ್ಲ ಒಂದು ವಿಷಯ ತಿಳಿಸಬೇಕು. ಮುಂದಿನ ಭಾನುವಾರದಿಂದ ನಮ್ಮ ಸಂಘದಲ್ಲಿ ಒಂದು ಕೆಜಿಗಿಂತ ಚಿಕ್ಕ ಕಾಟ್ಲಾ, ರೋಹು ಮಾರುವುದಿಲ್ಲ. ಕೆಲವು ವಾರ ಮೀನು ಕಡಿಮೆ ಬರಬಹುದು. ಜಿಲೇಬಿ ಮೀನು ಎಂದಿನಂತೆ ಸಿಗುತ್ತದೆ. ಅದು ಇಲ್ಲೇ ಮರಿ ಮಾಡಿಕೊಳ್ಳುತ್ತದೆ.

ಇದನ್ನು ತೀರ್ಮಾನಿಸಿದವರು ನಿಮಗೆ ಮೀನು ತೂಗಿ ಕೊಡುವ ಹೆಂಗಸರು. ಮೀನುಗಾರ ಅಂದರೆ ತೆಪ್ಪ ಹತ್ತಿ ಬಲೆ ಬಿಡುವವರು ಅನ್ನೋದು ಎಲ್ಲ ಕಡೆ ಇರುವ ಲೆಕ್ಕ. ಹರಿದ ಬಲೆ ಸರಿ ಮಾಡುವುದು, ಮೀನು ವಿಂಗಡಿಸುವುದು, ಐಸ್ ಹಾಕುವುದು, ಹೆಚ್ಚಿ ಕೊಡುವುದು, ಬಾಕಿ ವಸೂಲಿ, ಇಷ್ಟೂ ಹೆಂಗಸರದ್ದೇ. ಆದರೆ ಸಭೆಗೆ ಅವರನ್ನು ಕರೆಯುವ ವಾಡಿಕೆ ಇರಲಿಲ್ಲ. ಸಣ್ಣ ಮೀನುಗಾರಿಕೆ ಬಗ್ಗೆ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2014ರಲ್ಲಿ ತಂದ ಮಾರ್ಗಸೂಚಿ ಮೀನು ಹಿಡಿಯುವ ಮುಂಚಿನ ಕೆಲಸವನ್ನೂ, ಹಿಡಿದ ಮೇಲಿನ ಕೆಲಸವನ್ನೂ ಮೀನುಗಾರಿಕೆ ಅಂತಲೇ ಎಣಿಸುತ್ತದೆ. ತೀರ್ಮಾನ ಮಾಡುವಾಗ ಹೆಂಗಸರೂ ಇರಬೇಕು ಅನ್ನುತ್ತದೆ. ಈಗ ನಮ್ಮಲ್ಲೂ ಅವರು ಷೇರುದಾರರು. ಬಲೆಯ ಕಣ್ಣು, ದರ, ಮರಿ ಬಿತ್ತನೆ ನೋಡಿಕೊಳ್ಳುವ ಸಮಿತಿಯಲ್ಲಿ ಅರ್ಧ ಜನ ಅವರೇ.

ಮೊದಲ ಸಭೆಯಲ್ಲೇ ಅವರು ಎತ್ತಿದ್ದು ಚಿಕ್ಕ ಮೀನಿನ ಮಾತು. ಕಾಟ್ಲಾ, ರೋಹು, ಮೃಗಾಲ್ ನಿಂತ ನೀರಿನಲ್ಲಿ ಮೊಟ್ಟೆ ಇಡುವುದಿಲ್ಲ. ಅವಕ್ಕೆ ಮಳೆಗಾಲದ ಹರಿಯುವ ನೀರೇ ಬೇಕು. ಅದಕ್ಕೇ ವರ್ಷ ವರ್ಷ ದುಡ್ಡು ಕೊಟ್ಟು ಮರಿ ತಂದು ಬಿಡುತ್ತೇವೆ. ಅದು ಬೆಳೆಯುವ ಮುಂಚೆಯೇ ಹಿಡಿದರೆ ಮರಿಯ ದುಡ್ಡೂ ಹೋಯಿತು, ಮೀನೂ ಹೋಯಿತು. ಮುಳ್ಳು ಜಾಸ್ತಿ ಅಂತ ಮಕ್ಕಳಿರುವ ಮನೆಯವರು ಚಿಕ್ಕ ಕಾಟ್ಲಾ ಮುಟ್ಟುವುದಿಲ್ಲ, ಅಲ್ವಾ? ಸಂಜೆವರೆಗೂ ಉಳಿದು ಸಿಕ್ಕಿದ ರೇಟಿಗೆ ಹೋಗುತ್ತದೆ. ತಕ್ಕಡಿ ಹಿಡಿದವರಿಗೆ ಇದೆಲ್ಲ ಗೊತ್ತು. ತೆಪ್ಪದಲ್ಲಿ ಕೂತವರಿಗೆ ಗೊತ್ತಾಗುವುದು ಹೇಗೆ? ಹಾಗಾಗಿ ಸಣ್ಣ ಕಣ್ಣಿನ ಬಲೆಗಳನ್ನು ತೆಗೆದಿಟ್ಟಿದ್ದೇವೆ.

ದರ ಇನ್ನು ಬೋರ್ಡಿನ ಮೇಲೆ ಇರುತ್ತದೆ, ಎಲ್ಲರಿಗೂ ಒಂದೇ. ಮೀನು ಹೆಚ್ಚುವ ಕೂಲಿ ಬೇರೆ. ಅದು ನೇರ ಹೆಚ್ಚಿದವರ ಕೈಗೆ ಹೋಗುತ್ತದೆ, ದಯವಿಟ್ಟು ಅದರಲ್ಲಿ ಚೌಕಾಸಿ ಬೇಡ. ಐಸ್ ಬಾಕ್ಸ್ ಇರುವ ಗಾಡಿಗೂ ಮಹಿಳಾ ಸದಸ್ಯರ ಹೆಸರಲ್ಲೇ ಅರ್ಜಿ ಹಾಕಿದ್ದೇವೆ. ಕೇಂದ್ರ ಸರ್ಕಾರದ ಮತ್ಸ್ಯ ಸಂಪದ ಯೋಜನೆಯಲ್ಲಿ ಸಾಮಾನ್ಯ ವರ್ಗಕ್ಕೆ ಸಹಾಯಧನ ಶೇ. 40, ಮಹಿಳೆಯರಿಗೆ ಶೇ. 60. ಗಾಡಿ ಬಂದರೆ ನಿಮ್ಮ ಊರಿಗೇ ಮೀನು ತರುತ್ತೇವೆ.

ಇಡೀ ಮೀನು ಜಾಸ್ತಿ ಆಗುತ್ತದೆ ಅನ್ನುವವರಿಗೆ ಅರ್ಧ ಕೆಜಿ ಹೆಚ್ಚಿ ಕೊಡುತ್ತೇವೆ. ಸಾರಿಗೆ ತಲೆ ಬೇಕಾದವರು ಮೊದಲೇ ಹೇಳಿಬಿಡಿ.

ಇಂತಿ,
ನಿಮ್ಮ ಮೀನುಗಾರರ ಸಹಕಾರ ಸಂಘ
ಕುಣಿಗಲ್ ತಾಲ್ಲೂಕು, ತುಮಕೂರು ಜಿಲ್ಲೆ